ಟ್ರೇಲ್‌ಗೆ ರಾಜ್ಯದ ದುಡ್ಡು ಸರಿ, ಗುಡಿಸುವವರು ಯಾರು?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಪಕ್ಕದ ಸಣ್ಣ ನಗರವೊಂದರಲ್ಲಿ ಇರುವ ನಮ್ಮ ಓದುಗರೊಬ್ಬರು ಉದ್ದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

“ನಮ್ಮ ಮನೆ ಹಿಂದೆ ರೈಲು ನಿಂತುಹೋದ ಹಳೆಯ ಹಳಿಯ ಜಾಗ ಇದೆ. ಅಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಟ್ರೇಲ್ ಮಾಡಲು ನಗರಸಭೆ ರಾಜ್ಯದ ಅನುದಾನ ಒಪ್ಪಿಕೊಂಡಿದೆ. ಸಭೆಯಲ್ಲಿ ಚರ್ಚೆಯೇ ಇಲ್ಲ, ಐದು ನಿಮಿಷದಲ್ಲಿ ಪಾಸು. ನಮ್ಮ ರಸ್ತೆಯ ಗುಂಡಿ ಮುಚ್ಚಲು ದುಡ್ಡಿಲ್ಲ, ಇದಕ್ಕೆ ಇದೆ. ಇನ್ನು ಮೇಲೆ ಕಂಡವರೆಲ್ಲ ನಮ್ಮ ಹಿತ್ತಲ ಪಕ್ಕ ಓಡಾಡುತ್ತಾರೆ. ಮನೆ ಬೆಲೆ ಇಳಿದರೆ ಯಾರು ಹೊಣೆ? ಕೊಡುವವರಿದ್ದಾರೆ ಅಂತ ಕೈಚಾಚುವುದು ಸರಿಯಾ? ನಡೆಯುವ ದಾರಿಗಳನ್ನು ಹೊಗಳಿ ಬರೆಯುವ ನೀವು ಈ ಮಗ್ಗುಲನ್ನೂ ಬರೆಯಿರಿ.”

ಸಂಪಾದಕರ ಉತ್ತರ:

ಬರೆಯೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ನಗರಸಭೆ ದುಡ್ಡು ತೆಗೆದುಕೊಂಡದ್ದು ಸರಿ. ಐದು ನಿಮಿಷದಲ್ಲಿ ತೆಗೆದುಕೊಂಡದ್ದು ಸರಿಯಲ್ಲ. ನಿಮ್ಮ ಸಿಟ್ಟಿಗೆ ಕಾರಣ ಇದೆ, ಆದರೆ ಅದು ಬೇರೆ ಕಡೆ ತಿರುಗಬೇಕು.

ಮೊದಲು ಗುಂಡಿಯ ವಿಷಯ. ಟ್ರೇಲ್‌ಗೆ ಬಂದ ದುಡ್ಡನ್ನು ರಸ್ತೆಗೆ ಹಾಕಬಹುದಿತ್ತಲ್ವಾ ಅನ್ನುವುದು ನಿಮ್ಮ ಮಾತಿನ ಒಳಗಿರುವ ಪ್ರಶ್ನೆ. ಹಾಕಲು ಬರುವುದಿಲ್ಲ. ನಿಮ್ಮ ರಾಜ್ಯದಲ್ಲಿ ಯಾವ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಗಟ್ಟಿ ಗೋಡೆಗಳಿವೆ. 1944ರಲ್ಲಿ ವಾಷಿಂಗ್ಟನ್ ರಾಜ್ಯದ ಸಂವಿಧಾನಕ್ಕೆ 18ನೇ ತಿದ್ದುಪಡಿ ಬಂತು. ಪೆಟ್ರೋಲ್ ತೆರಿಗೆ ಹೆದ್ದಾರಿಯ ಕೆಲಸಕ್ಕೆ ಮಾತ್ರ ಅಂತ ಅದು ಕಟ್ಟಿಹಾಕಿತು. (ತಮಾಷೆ ಎಂದರೆ ಕಾರು ಹೊತ್ತೊಯ್ಯುವ ಫೆರಿ ದೋಣಿಗಳೂ ಈ ಹೆದ್ದಾರಿಯ ಲೆಕ್ಕಕ್ಕೇ ಸೇರುತ್ತವೆ.) ಹಾಗಾಗಿ ಟ್ರೇಲ್‌ಗಳಿಗೆ ಹೆಚ್ಚಿನ ಹಣ ಬೇರೆ ಹುಂಡಿಗಳಿಂದ ಬರುತ್ತದೆ. 1990ರಿಂದ ನಡೆಯುತ್ತಿರುವ ವಾಷಿಂಗ್ಟನ್ ವನ್ಯಜೀವಿ ಮತ್ತು ವಿಹಾರ ಕಾರ್ಯಕ್ರಮ ಅಂಥದ್ದೊಂದು. ಅದರ ಹಣ ರಾಜ್ಯ ಸರ್ಕಾರ ಬಾಂಡ್ ಮಾರಿ ಎತ್ತಿದ ಸಾಲ. ಇನ್ನೊಂದು ಹೊಸ ಹುಂಡಿ ಇದೆ. ಹೊಗೆ ಉಗುಳುವ ದೊಡ್ಡ ಕಂಪನಿಗಳು ಹರಾಜಿನಲ್ಲಿ ಪರವಾನಗಿ ಕೊಳ್ಳಬೇಕು ಅನ್ನುವ ಕಾನೂನು 2021ರಲ್ಲಿ ಆಯಿತು, ಹರಾಜು 2023ರಲ್ಲಿ ಶುರುವಾಯಿತು. ಆ ಹಣದ ಒಂದು ಪಾಲು ನಡಿಗೆ, ಸೈಕಲ್ ಯೋಜನೆಗಳಿಗೆ ಹೋಗುತ್ತದೆ. ಆ ಕಾನೂನನ್ನೇ ಕಿತ್ತುಹಾಕಿ ಅಂತ 2024ರ ನವೆಂಬರ್‌ನಲ್ಲಿ ಮತಕ್ಕೆ ಹಾಕಿದರು. ಜನ ದೊಡ್ಡ ಅಂತರದಲ್ಲಿ ಬೇಡ ಅಂದರು, ಕಾನೂನು ಉಳಿಯಿತು.

ನಿಮ್ಮೂರು ‘ನಮಗೆ ಬೇಡ’ ಅಂದಿದ್ದರೆ ಏನಾಗುತ್ತಿತ್ತು? ನಿಮ್ಮ ತೆರಿಗೆ ನಿಮಗೆ ವಾಪಸ್ ಬರುತ್ತಿರಲಿಲ್ಲ. ಇಂಥ ಅನುದಾನಕ್ಕೆ ಅರ್ಜಿಗಳನ್ನು ಅಂಕ ಹಾಕಿ ಸಾಲಾಗಿ ಜೋಡಿಸಿರುತ್ತಾರೆ. ನೀವು ಬಿಟ್ಟರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಗುಂಡಿ ಹಾಗೇ ಇರುತ್ತದೆ, ಟ್ರೇಲ್ ಪಕ್ಕದೂರಿಗೆ ಹೋಗುತ್ತದೆ.

ಹಾಗಂತ ಇದು ಪುಕ್ಕಟೆ ದುಡ್ಡು ಅಂತ ನಾನು ಹೇಳುತ್ತಿಲ್ಲ. ಒಪ್ಪಿಕೊಂಡ ಕಾಗದ ನಿಜಕ್ಕೂ ಒಂದು ಕರಾರು. ಅದನ್ನು ಓದಿದರೆ ನಿಮಗೆ ಬೇಕಾದ ಪ್ರಶ್ನೆಗಳು ಅಲ್ಲೇ ಸಿಗುತ್ತವೆ. ರಾಜ್ಯ ಹಣವನ್ನು ಮುಂಚೆ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ನಗರ ಮೊದಲು ತನ್ನ ಜೇಬಿನಿಂದ ಖರ್ಚು ಮಾಡಬೇಕು, ಬಿಲ್ಲು ಕಳಿಸಬೇಕು, ಆಮೇಲೆ ಹಣ ಬರುತ್ತದೆ. ನಾನು ಮೇಲೆ ಹೇಳಿದ 1990ರ ಕಾರ್ಯಕ್ರಮದಲ್ಲಿ ಟ್ರೇಲ್‌ಗೆ ಸಾಮಾನ್ಯವಾಗಿ ಅರ್ಧ ಪಾಲು ನಗರವೇ ಹಾಕಬೇಕು. ಕಷ್ಟದಲ್ಲಿರುವ ಊರುಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಇನ್ನೂ ಮುಖ್ಯವಾದದ್ದು, ಅನುದಾನದ ಮೊತ್ತ ಮೊದಲೇ ನಿಗದಿಯಾಗಿರುತ್ತದೆ. ಟೆಂಡರ್ ತೆರೆದಾಗ ಗುತ್ತಿಗೆದಾರರು ಅಂದಾಜಿಗಿಂತ ಜಾಸ್ತಿ ಕೇಳಿದರೆ ಆ ಜಾಸ್ತಿಯೆಲ್ಲ ನಗರದ ತಲೆಯ ಮೇಲೆ. ನಿಮ್ಮ ಪತ್ರದಲ್ಲಿ ಅನುದಾನ ಯಾವ ಹುಂಡಿಯದು, ನಗರದ ಪಾಲೆಷ್ಟು ಅಂತ ಇಲ್ಲ. ಸಭೆಯ ಕಾಗದಗಳಲ್ಲಿ ಇರುತ್ತದೆ, ತೆಗೆದು ನೋಡಿ.

ನೋಡುವಾಗ ಇನ್ನೊಂದು ಸಾಲು ಹುಡುಕಿ. ಹಣ ವಿನ್ಯಾಸಕ್ಕೋ, ಜಾಗ ಕೊಳ್ಳುವುದಕ್ಕೋ, ಕಟ್ಟುವುದಕ್ಕೋ? ಎಷ್ಟೋ ಸಲ ಪತ್ರಿಕೆಯಲ್ಲಿ ‘ಟ್ರೇಲ್‌ಗೆ ಅನುದಾನ’ ಅಂತ ಬರುತ್ತದೆ, ಒಳಗೆ ನೋಡಿದರೆ ನಕ್ಷೆ ಬರೆಸುವುದಕ್ಕಷ್ಟೇ ಇರುತ್ತದೆ. ನಕ್ಷೆ ಆದಮೇಲೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ವಾಷಿಂಗ್ಟನ್‌ನಲ್ಲಿ ಬಜೆಟ್ ಎರಡು ವರ್ಷಕ್ಕೊಮ್ಮೆ. ಒಂದು ಸುತ್ತು ತಪ್ಪಿದರೆ ಎರಡು ವರ್ಷ ಹೋಯಿತು. ಹಾಗಾಗಿ ನಾಳೆ ಬೆಳಗ್ಗೆಯೇ ನಿಮ್ಮ ಹಿತ್ತಲಿಗೆ ಜೆಸಿಬಿ ಬರುತ್ತದೆ ಅಂದುಕೊಳ್ಳಬೇಡಿ.

ಈಗ ಹಿತ್ತಲಿನ ವಿಷಯ. ನಿಮ್ಮ ಆತಂಕ ನಿಮ್ಮ ಸುತ್ತಮುತ್ತಲ ಜನರಿಗೆ ಹೊಸದಲ್ಲ, ಐವತ್ತು ವರ್ಷದಷ್ಟು ಹಳೆಯದು. ಸಿಯಾಟಲ್‌ನ ಬರ್ಕ್-ಗಿಲ್ಮನ್ ಟ್ರೇಲ್ ನೀವು ನೋಡಿರುತ್ತೀರಿ. 1885ರಲ್ಲಿ ಥಾಮಸ್ ಬರ್ಕ್ ಮತ್ತು ಡೇನಿಯಲ್ ಗಿಲ್ಮನ್ ಶುರುಮಾಡಿದ ರೈಲು ಕಂಪನಿಯ ದಾರಿ ಅದು. 1971ರಲ್ಲಿ ಆ ಹಳಿ ಬೇಡವಾಯಿತು. ಆಗ ಊರಿನ ಒಂದಷ್ಟು ಜನ ಇದನ್ನು ನಡೆಯುವ ದಾರಿ ಮಾಡಿ ಅಂದರು. ಹಳಿ ಪಕ್ಕದ ಮನೆಯವರು ಹೇಳಿದ್ದು ಇವತ್ತು ನೀವು ಹೇಳುತ್ತಿರುವುದನ್ನೇ: ಕಳ್ಳರು ಬರುತ್ತಾರೆ, ಬೆಲೆ ಬೀಳುತ್ತದೆ. 1978ರಲ್ಲಿ ಟ್ರೇಲ್ ತೆರೆಯಿತು. 1987ರಲ್ಲಿ ನಗರದ ಎಂಜಿನಿಯರಿಂಗ್ ಇಲಾಖೆ ಕೂತು ಲೆಕ್ಕ ಹಾಕಿತು. ಮನೆಯವರನ್ನು, ಮನೆ ಮಾರುವ ಏಜೆಂಟರನ್ನು, ಆ ಭಾಗದ ಪೊಲೀಸರನ್ನು ಕೇಳಿತು. ಟ್ರೇಲ್‌ನಿಂದ ಕಳ್ಳತನ ಜಾಸ್ತಿಯಾಗಿರಲಿಲ್ಲ. ತೀರಾ ತಾಗಿಕೊಂಡ ಮನೆಗಳ ಬೆಲೆ ಬಿದ್ದಿರಲಿಲ್ಲ. ತಾಗಿಕೊಳ್ಳದೆ ಹತ್ತಿರದಲ್ಲಿದ್ದ ಮನೆಗಳು ಶೇಕಡ 6ರಷ್ಟು ಜಾಸ್ತಿಗೆ ಹೋಗುತ್ತಿವೆ ಅಂತ ಏಜೆಂಟರ ಅಂದಾಜು. ಏಜೆಂಟರ ಅಂದಾಜನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ. ಆದರೂ ಗಮನಿಸಿ, ಲಾಭದ ದೊಡ್ಡ ಪಾಲು ನಿಮ್ಮಂತೆ ಬೇಲಿಗೆ ಬೇಲಿ ತಾಗಿದವರಿಗಲ್ಲ, ಎರಡು ಬೀದಿ ಆಚೆಯವರಿಗೆ. ಟ್ರೇಲ್ ಪರ ಮಾತಾಡುವವರು ಈ ಅಧ್ಯಯನವನ್ನು ಹೇಳುವಾಗ ಈ ಭಾಗವನ್ನು ನುಂಗಿಬಿಡುತ್ತಾರೆ. ನಿಮ್ಮ ಹಿತ್ತಲಿಗೆ ಗಿಡದ ಮರೆ ಬೇಕು ಅಂತ ಕೇಳಲು ನಿಮಗೆ ನ್ಯಾಯವಾದ ಕಾರಣ ಸಿಕ್ಕಿದ್ದು ಅಲ್ಲೇ.

ಇನ್ನೊಂದು ಊರಿನ ಕತೆ ಅಷ್ಟು ಸಿಹಿಯಲ್ಲ. ಸಮಾಮಿಶ್ ಕೆರೆಯ ಪೂರ್ವ ದಂಡೆಯಲ್ಲಿ ರೆಡ್ಮಂಡ್‌ನಿಂದ ಇಸಾಕ್ವಾವರೆಗೆ 11 ಮೈಲಿಯ ಟ್ರೇಲ್ ಇದೆ. ಕಿಂಗ್ ಕೌಂಟಿ (ಸಿಯಾಟಲ್ ಸೇರಿರುವ ಜಿಲ್ಲೆಯ ಆಡಳಿತ) ಆ ರೈಲು ದಾರಿಯನ್ನು 1998ರಲ್ಲಿ ತೆಗೆದುಕೊಂಡಿತು. ಕೆರೆ ಒಂದು ಕಡೆ, ಅದರ ಅಂಚಿಗೆ ದುಬಾರಿ ಮನೆಗಳು, ಆ ಮನೆಗಳಿಗೆ ತಾಗಿಯೇ ಹಳಿ. ರೈಲು ಅಪರೂಪವಾದ ಮೇಲೆ ಜನ ಮೆಟ್ಟಿಲು, ತೋಟ, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ರೈಲಿನ ಪಟ್ಟಿಯೊಳಗೆ ಚಾಚಿಕೊಂಡಿದ್ದರು. ಜಾಗ ಯಾರದ್ದು ಅಂತ ಕೋರ್ಟಿಗೆ ಹೋದರು. 2018ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೌಂಟಿಯ ಪರ ತೀರ್ಪು ಕೊಟ್ಟಿತು. ಅಷ್ಟು ಉದ್ದಕ್ಕೂ ಡಾಂಬರು ಬೀಳಲು 20 ವರ್ಷಕ್ಕೂ ಮೇಲೆ ಬೇಕಾಯಿತು. ನಿಮಗೆ ನನ್ನ ಸಲಹೆ: ನಿಮ್ಮ ಬೇಲಿ, ಷೆಡ್ಡು, ಕರಿಬೇವಿನ ಕುಂಡ ನಿಜಕ್ಕೂ ನಿಮ್ಮ ಜಾಗದಲ್ಲೇ ಇದೆಯಾ ಅಂತ ಮೊದಲು ಸರ್ವೆ ನಕ್ಷೆ ತೆಗೆದು ನೋಡಿಕೊಳ್ಳಿ. ರೈಲಿನ ಪಟ್ಟಿ ಎಷ್ಟೋ ಕಡೆ 100 ಅಡಿ ಅಗಲ ಇರುತ್ತದೆ. ಕಣ್ಣಿಗೆ ಕಾಣುವ ಹಳಿ ಅದರ ನಡುವಿನ ಸಣ್ಣ ತುಂಡು ಅಷ್ಟೇ.

ಅದೇ ಹಳಿಯ ಜಾಗದ ಬಗ್ಗೆ ಇನ್ನೊಂದು ಮಾತು. 1983ರ ಫೆಡರಲ್ ಕಾನೂನಿನ ತಿದ್ದುಪಡಿಯಂತೆ, ರೈಲು ನಿಲ್ಲಿಸಿದ ದಾರಿಯನ್ನು ತುಂಡು ತುಂಡಾಗಿ ಮಾರದೆ ಟ್ರೇಲ್ ಮಾಡಿ ಉಳಿಸಿಕೊಳ್ಳಬಹುದು. ಮುಂದೆ ಎಂದಾದರೂ ರೈಲು ಬೇಕಾದರೆ ವಾಪಸ್ ಬರಬಹುದು. ನಿಮ್ಮ ಹಿಂದಿನ ಹಳಿಯೂ ಈ ಲೆಕ್ಕದ್ದಾದರೆ ಟ್ರೇಲ್ ಬಂದ ಮೇಲೂ ಕತೆ ಮುಗಿಯುವುದಿಲ್ಲ. ಕಿರ್ಕ್‌ಲ್ಯಾಂಡ್‌ನಲ್ಲಿ ಹೀಗೇ ಆಯಿತು. ಆ ನಗರ 2012ರಲ್ಲಿ 5.75 ಮೈಲಿ ರೈಲು ದಾರಿಯನ್ನು 50 ಲಕ್ಷ ಡಾಲರಿಗೆ ಕೊಂಡಿತು. ಹಳಿ ಕಿತ್ತು, ಪೂರ್ತಿ ದುಡ್ಡು ಬರಲಿ ಅಂತ ಕಾಯದೆ ಜಲ್ಲಿಪುಡಿ ಹಾಸಿ, 2015ರಲ್ಲಿ ಜನರಿಗೆ ಬಿಟ್ಟಿತು. 2016ರಲ್ಲಿ ಅದೇ ದಾರಿಯಲ್ಲಿ ಬಸ್ಸು ಅಥವಾ ಲೈಟ್ ರೈಲು ಓಡಿಸುವ ಮಾತು ಬಂದಾಗ ‘ನಮ್ಮ ಟ್ರೇಲ್ ಉಳಿಸಿ’ ಅಂತ ಊರವರು ಬೀದಿಗೆ ಬಂದರು. ಟ್ರೇಲ್ ಬಂದರೆ ಮನೆ ಹಾಳು ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಸುಮ್ನೆ ಜಲ್ಲಿಪುಡಿಯ ದಾರಿ ಅದು. ಅದಕ್ಕೇ ಜನ ಅಷ್ಟು ಅಂಟಿಕೊಂಡರು.

ಕಿರ್ಕ್‌ಲ್ಯಾಂಡ್‌ನ ಆ ಜಲ್ಲಿಪುಡಿ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ನಿಮ್ಮ ಸಿಟ್ಟು ಹೋಗಬೇಕಾದ ಕಡೆ ಅಂತ ಹೇಳಿದೆನಲ್ಲ, ಅದು ಇಲ್ಲಿದೆ. ಕಟ್ಟಲು ಅನುದಾನ ಸಿಗುತ್ತದೆ. ಗುಡಿಸಲು ಸಿಗುವುದಿಲ್ಲ. ನಿಮ್ಮ ಕಡೆ ಅಕ್ಟೋಬರ್‌ನಿಂದ ಮಳೆ. ಮೇಪಲ್ ಎಲೆ ಬಿದ್ದು ನೆನೆದು ಟ್ರೇಲ್ ಮೇಲೆ ಲೋಳೆಯಂತೆ ಅಂಟಿದರೆ ಸೈಕಲ್ ಜಾರುತ್ತದೆ, ವಯಸ್ಸಾದವರ ಕಾಲೂ ಜಾರುತ್ತದೆ. ಮರದ ಬೇರು ಡಾಂಬರನ್ನು ಎತ್ತುತ್ತದೆ. ಬರ್ಕ್-ಗಿಲ್ಮನ್‌ನಲ್ಲಿ ಆ ಉಬ್ಬುಗಳ ಮೇಲೆ ಸೈಕಲ್ ಎಗರಿ ಬೈಯದವರು ಕಡಿಮೆ. ಬೀದಿಗಳನ್ನು ದಾಟುವಲ್ಲಿ ಮಿನುಗುವ ದೀಪ ಇರಬೇಕು, ಅದು ಕೆಟ್ಟರೆ ಯಾರೋ ಬಂದು ಸರಿಮಾಡಬೇಕು. ಇದು ವರ್ಷವರ್ಷವೂ ಬರುವ ಖರ್ಚು. ನಿಮ್ಮ ರಾಜ್ಯದಲ್ಲಿ ಇದಕ್ಕೆ ಒಂದು ವಿಶೇಷ ಇಕ್ಕಟ್ಟು ಇದೆ. 2001ರಲ್ಲಿ ಮತದಾರರು ಒಪ್ಪಿದ, ಆಮೇಲೆ 2007ರಲ್ಲಿ ಶಾಸನಸಭೆಯೇ ಮತ್ತೆ ಜಾರಿಗೆ ತಂದ ನಿಯಮದಂತೆ, ನಗರದ ಆಸ್ತಿ ತೆರಿಗೆಯ ಒಟ್ಟು ವಸೂಲಿ ವರ್ಷಕ್ಕೆ ಶೇಕಡ 1ಕ್ಕಿಂತ ಜಾಸ್ತಿ ಏರುವಂತಿಲ್ಲ. ಹೊಸ ಕಟ್ಟಡಗಳಿಂದ ಬರುವುದು ಬೇರೆ. ಮತದಾರರನ್ನು ಕೇಳಿ ಮಾತ್ರ ಅದಕ್ಕಿಂತ ಏರಿಸಬಹುದು. ಡಾಂಬರಿನ ಬೆಲೆ, ಕೂಲಿ ಯಾವುದೂ ಶೇಕಡ 1ರ ಮಾತು ಕೇಳುವುದಿಲ್ಲ. ನಿಮ್ಮ ಬೀದಿಯ ಗುಂಡಿಗೆ ದುಡ್ಡಿಲ್ಲದಿರುವುದಕ್ಕೂ ಇದೇ ಒಂದು ಕಾರಣ. ಟ್ರೇಲ್ ಬಂದರೆ ಅದೇ ಹುಂಡಿಯ ಮೇಲೆ ಇನ್ನೊಂದು ಬಾಯಿ.

ಇದು ಅಮೆರಿಕದ ಕತೆ ಮಾತ್ರ ಅಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಸೈಕಲ್ ಯೋಜನೆ 450 ಸೈಕಲ್‌ಗಳ ಜೊತೆ ಶುರುವಾದಾಗ ವಿಶ್ವಬ್ಯಾಂಕ್ ಮೂಲಕ ಬಂದ ನೆರವೂ ಇತ್ತು, ರಾಜ್ಯದ, ಪಾಲಿಕೆಯ ಹಣವೂ ಇತ್ತು. ಹೊಸ ಸೈಕಲ್ ನೋಡಿ ನಾವೆಲ್ಲ ಖುಷಿಪಟ್ಟೆವು. ಸವೆದ ಸೈಕಲ್ ಬದಲಿಸುವವರು ಯಾರು ಅನ್ನುವ ಪ್ರಶ್ನೆ ಹಿಂದೆಯೇ ಬಂತು.

ಎಲೆಕ್ಟ್ರಿಕ್ ಸೈಕಲ್‌ಗಳ ವೇಗದ ಬಗ್ಗೆಯೂ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ. ಕಿಂಗ್ ಕೌಂಟಿಯ ಟ್ರೇಲ್‌ಗಳಲ್ಲಿ ಗಂಟೆಗೆ 15 ಮೈಲಿ ಮಿತಿ ಇದೆ. ಪಾಲಿಸುವವರು ಎಷ್ಟು ಅಂತ ನಿಮಗೇ ಗೊತ್ತು. ಬೋರ್ಡಿಗಿಂತ ಅಗಲ ಮುಖ್ಯ. 10 ಅಡಿ ಅಂದರೆ ಕನಿಷ್ಠ. ಜನ ಜಾಸ್ತಿ ಬರುವ ಕಡೆ 12 ಅಡಿ ಬೇಕು, ಪಕ್ಕದಲ್ಲಿ ನಡೆಯುವವರಿಗೆ ಮಣ್ಣಿನ ಅಂಚು ಇದ್ದರೆ ಇನ್ನೂ ಒಳ್ಳೆಯದು. ಊರಿಂದ ಬಂದು ಆರು ತಿಂಗಳು ಇರುವ ಅಪ್ಪ ಅಮ್ಮಂದಿರು ಸಂಜೆ ನಾಲ್ಕು ಜನ ಸಾಲಾಗಿ ಮಾತಾಡುತ್ತಾ ನಡೆಯುತ್ತಾರೆ. ಅವರ ಹಿಂದೆ ಗಂಟೆ ಹೊಡೆದು ಹೊಡೆದು ಸೋತ ಸೈಕಲ್‌ನವರ ಕಷ್ಟವನ್ನೂ ನಾನು ಅರ್ಥ ಮಾಡಿಕೊಳ್ಳಬಲ್ಲೆ.

ಮುಂದೆ ಏನು ಮಾಡಬೇಕು? ಅನುದಾನ ವಾಪಸ್ ಮಾಡಿ ಅಂತ ಅರ್ಜಿ ಬರೆಯಬೇಡಿ, ಅದು ಕಸದ ಬುಟ್ಟಿಗೆ ಹೋಗುತ್ತದೆ. ಇಂಥ ವಿಷಯ ಸಾಮಾನ್ಯವಾಗಿ ‘ಕನ್ಸೆಂಟ್ ಕ್ಯಾಲೆಂಡರ್’ ಅನ್ನುವ ಪಟ್ಟಿಯಲ್ಲಿ ಹತ್ತು ಬೇರೆ ವಿಷಯಗಳ ಜೊತೆ ಒಂದೇ ಕೈಎತ್ತಿಗೆ ಪಾಸಾಗುತ್ತದೆ. ಐದು ನಿಮಿಷದ ಗುಟ್ಟು ಅದೇ ಇರಬೇಕು. ಆದರೆ ಒಬ್ಬ ಸದಸ್ಯರು ಕೇಳಿದರೂ ಸಾಕು, ವಿಷಯವನ್ನು ಪಟ್ಟಿಯಿಂದ ಹೊರತೆಗೆದು ಚರ್ಚಿಸಬಹುದು. ಮುಂದಿನ ಸಲ ಗುತ್ತಿಗೆ ಕೊಡುವ ವಿಷಯ ಬರುವ ಮುಂಚೆ ನಿಮ್ಮ ಸದಸ್ಯರಿಗೆ ಒಂದು ಮಿಂಚಂಚೆ ಹಾಕಿ. ವರ್ಷಕ್ಕೆ ಗುಡಿಸುವ, ಬೇರು ಕತ್ತರಿಸುವ, ದೀಪ ರಿಪೇರಿ ಮಾಡುವ ಖರ್ಚು ಎಷ್ಟು, ಅದು ಬಜೆಟ್ಟಿನ ಯಾವ ಸಾಲಿನಲ್ಲಿದೆ ಅಂತ ಕೇಳಿ. ಸಾಲು ಇಲ್ಲ ಅಂದರೆ, ಸಾಲು ಬರುವವರೆಗೆ ಡಾಂಬರಿನ ಬದಲು ಜಲ್ಲಿಪುಡಿ ಹಾಕಿ ಅನ್ನಿ. ಕಿರ್ಕ್‌ಲ್ಯಾಂಡ್ ಕತೆ ನಿಮ್ಮ ಕೈಯಲ್ಲಿದೆ.

ಬೇಲಿ, ಗಿಡ, ದೀಪದ ಬೆಳಕು ಯಾರ ಕಿಟಕಿಗೆ ಬೀಳುತ್ತದೆ ಅನ್ನುವುದೆಲ್ಲ ನಕ್ಷೆ ಅರೆಬರೆ ಇರುವಾಗಲೇ ಬದಲಿಸಲು ಸುಲಭ. ಟೆಂಡರ್ ಆದಮೇಲೆ ಒಂದು ಗಿಡ ಕೇಳಿದರೂ ಅದು ಹೆಚ್ಚುವರಿ ಬಿಲ್ಲು. ನಗರ ಓಪನ್ ಹೌಸ್ (ಜನ ಬಂದು ನಕ್ಷೆ ನೋಡಿ ಅಭಿಪ್ರಾಯ ಹೇಳುವ ಸಭೆ) ಕರೆದಾಗ ತಪ್ಪದೆ ಹೋಗಿ. ಹೋಗುವ ಮುಂಚೆ ಮನೆಯಲ್ಲಿ ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ: ನಿಮಗೆ ಹಿತ್ತಲಿಗೆ ಎತ್ತರದ ಬೇಲಿ ಬೇಕಾ, ಟ್ರೇಲ್‌ಗೆ ಇಳಿಯಲು ಒಂದು ಸಣ್ಣ ಗೇಟು ಬೇಕಾ? ನೀವು ಬೇಲಿ ಅನ್ನುವಾಗ ಪಕ್ಕದಲ್ಲಿ ಮಕ್ಕಳು ಗೇಟು ಅಂದರೆ ಎಂಜಿನಿಯರ್ ಗೇಟನ್ನೇ ಬರೆದುಕೊಳ್ಳುತ್ತಾರೆ.