ಕಲಬುರಗಿಯಲ್ಲಿ ಹಳೇ ಹೋಂಡಾ ಸಿಟಿ ವಿಟೆಕ್ ಕಾರನ್ನು ಮನೆಯಲ್ಲೇ ಮಾಡಿಫೈ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಎಕ್ಸಾಸ್ಟ್, ಏರ್ ಫಿಲ್ಟರ್ ಆಮೇಲೆ ನೋಡೋಣ. ಮೊದಲು ಕೂಲಿಂಗ್ ಸರಿ ಮಾಡಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. 20 ವರ್ಷ ಹಳೆಯ ರಬ್ಬರ್ ಹೋಸ್ ನಂಬುವಂತಿಲ್ಲ. ಹೋಸ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ. ಬೋರ್‌ವೆಲ್ ನೀರು ಬೇಡವೇ ಬೇಡ, ಒಳಗೆ ಉಪ್ಪು ಕಟ್ಟುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ.

ಈ 1.5 ಲೀಟರ್ ಇಂಜಿನ್‌ನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಟೈಮಿಂಗ್ ಚೈನ್ ಅಲ್ಲ, ಬೆಲ್ಟ್ ಇದೆ. ಯಾವಾಗ ಬದಲಿಸಿದ್ದು ಎಂದು ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ, ವಾಟರ್ ಪಂಪ್ ಸಹಿತ. ಬೆಲ್ಟ್ ಹರಿದರೆ ವಾಲ್ವ್ ಬಗ್ಗಬಹುದು, ಖರ್ಚು ಬಹಳ ಜಾಸ್ತಿ. ಇದೊಂದನ್ನು ಮಾತ್ರ ಪಳಗಿದ ಮೆಕ್ಯಾನಿಕ್‌ಗೆ ಬಿಡಿ. ಆಯಿಲ್, ಪ್ಲಗ್, ಬ್ರೇಕ್ ಪ್ಯಾಡ್ ಕೆಲಸ ನೀವೇ ಕಲಿಯಬಹುದು. ಬ್ರೇಕ್ ಆಯಿಲ್ ತೇವ ಹೀರುತ್ತದೆ, 2 ವರ್ಷಕ್ಕೊಮ್ಮೆ ಬದಲಿಸಿ.

ಜಾಕ್ ಬಗ್ಗೆ ಒಂದು ಮಾತು. ನಮ್ಮ ಅಂಗಳದಲ್ಲಿ ಶಹಾಬಾದ್ ಫರಸಿ ಇರುತ್ತದೆ, ಅಲ್ವಾ? ಕೆಳಗೆ ಟೊಳ್ಳಿದ್ದರೆ ಭಾರಕ್ಕೆ ಫಟ್ಟನೆ ಒಡೆಯುತ್ತದೆ. ಎರೆ ಮಣ್ಣಿನಲ್ಲಿ ಜಾಕ್ ಇಳಿಯುತ್ತದೆ. ಗಟ್ಟಿ ಕಾಂಕ್ರೀಟ್ ನೆಲವೇ ಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ, ಸ್ಟ್ಯಾಂಡ್ ಕೊಡಿ.

ಮಾಡಿಫಿಕೇಶನ್‌ಗೆ ನನ್ನ ಸಲಹೆ: ಒಳ್ಳೆ ಟೈರ್, ಹೊಸ ಶಾಕ್ ಅಬ್ಸಾರ್ಬರ್, ಸಸ್ಪೆನ್ಷನ್‌ನ ರಬ್ಬರ್ ಬುಶ್. ಇಷ್ಟಕ್ಕೇ ಕಾರು ಬಿಗಿಯಾಗಿ ಓಡುತ್ತದೆ. ಇಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಾಗೇ ಹೇಳುತ್ತದೆ. 15 ವರ್ಷ ದಾಟಿದ ಕಾರಾದ್ದರಿಂದ ಆರ್‌ಸಿ ನವೀಕರಣ ಆಗಿದೆಯಾ ಎಂದೂ ನೋಡಿಕೊಳ್ಳಿ.