ಬಸುರಿ ಎಂದು ಇನ್ಹೇಲರ್ ಬಿಟ್ಟಿದ್ದೇನೆ, ಸರಿಯೇ?

ಪ್ರಶ್ನೆ: ನಾನು ಐದು ತಿಂಗಳ ಬಸುರಿ. ಚಿಕ್ಕಂದಿನಿಂದ ಉಬ್ಬಸ. ದಿನಾ ಎರಡು ಹೊತ್ತು ಬ್ಯೂಡೆಸೊನೈಡ್ ಇನ್ಹೇಲರ್ ಎಳೆಯುತ್ತಿದ್ದೆ. ಅದು ಸ್ಟೀರಾಯ್ಡ್, ಮಗುವಿಗಾಗದು ಎಂದು ಅತ್ತೆ ಹೇಳಿದ್ದರಿಂದ ಬಿಟ್ಟೆ. ಈಗ ರಾತ್ರಿ ಕೆಮ್ಮಿ ಕೆಮ್ಮಿ ಎಚ್ಚರವಾಗುತ್ತದೆ. ತೀರಾ ತಡೆಯಲಾಗದಾಗ ಸಾಲ್ಬುಟಮಾಲ್ ತೆಗೆದುಕೊಳ್ಳುತ್ತೇನೆ. ಮುಂದೆ ಹಾಲೂಡಿಸುವಾಗ ಏನು ಮಾಡಲಿ?
— ಹೆಸರು ಬೇಡ

ಉತ್ತರ: ಇದನ್ನು ಓದಿದ ದಿನವೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಬಿಟ್ಟ ಇನ್ಹೇಲರನ್ನು ಮತ್ತೆ ಶುರು ಮಾಡುವ ಮಾತಾಡಿ. ರಾತ್ರಿ ಕೆಮ್ಮಿ ಏಳುತ್ತಿದ್ದೀರಿ ಎಂದರೆ ಉಬ್ಬಸ ಹತೋಟಿ ತಪ್ಪಿದೆ. ಬಸುರಿನಲ್ಲಿ ಯಾರಿಗೂ ಸ್ವಲ್ಪ ಏದುಸಿರು ಬರುವುದುಂಟು, ಆದರೆ ಅದರಲ್ಲಿ ಕೆಮ್ಮು, ಎದೆಯ ಸುಂಯ್‌ಗುಟ್ಟುವಿಕೆ ಇರುವುದಿಲ್ಲ.

ಅತ್ತೆಯವರು ಹೇಳಿದ್ದು ಮಗುವಿನ ಮೇಲಿನ ಪ್ರೀತಿಯಿಂದಲೇ. ಅವರಿಗೂ ಇದನ್ನು ಓದಿ ಹೇಳಿ: ಇನ್ಹೇಲರಿನ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸನಾಳಕ್ಕೆ ಹೋಗುವಂಥದ್ದು. ಈ ಬಗೆಯ ಇನ್ಹೇಲರುಗಳ ಪೈಕಿ ಗರ್ಭಿಣಿಯರಲ್ಲಿ ಹೆಚ್ಚು ಅಧ್ಯಯನವಾಗಿರುವುದು ನಿಮ್ಮ ಬ್ಯೂಡೆಸೊನೈಡೇ. ಹೊಟ್ಟೆಯಲ್ಲಿರುವ ಕೂಸಿಗೆ ಆಮ್ಲಜನಕ ಸಿಗುವುದು ನಿಮ್ಮ ರಕ್ತದಿಂದ. ಹತೋಟಿಯಿಲ್ಲದ ಉಬ್ಬಸದಿಂದ ತಾಯಿಗೆ ಬಿಪಿ ಏರುವುದು, ದಿನ ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು, ಇವೆಲ್ಲದರ ಸಾಧ್ಯತೆ ಹೆಚ್ಚುತ್ತದೆ. ನನಗೆ ಭಯವಿರುವುದು ಅದರದ್ದೇ.

ಉಬ್ಬಸವಿರುವ ಗರ್ಭಿಣಿಯರಲ್ಲಿ ಸುಮಾರು ಮೂರನೇ ಒಂದು ಪಾಲಿನವರಿಗೆ ಅದು ಹೆಚ್ಚುತ್ತದೆ, ಅಷ್ಟೇ ಮಂದಿಗೆ ಇಳಿಯುತ್ತದೆ, ಉಳಿದವರಿಗೆ ಇದ್ದ ಹಾಗೇ ಇರುತ್ತದೆ. ಹೆಚ್ಚುವವರಿಗೆ ಸಾಮಾನ್ಯವಾಗಿ 24ರಿಂದ 36ನೇ ವಾರದ ನಡುವೆ. ನೀವು ಆ ಹೊಸ್ತಿಲಲ್ಲೇ ಇದ್ದೀರಿ. ಸಾಲ್ಬುಟಮಾಲ್ ಆ ಹೊತ್ತಿನ ಬಿಗಿತ ಸಡಿಲಿಸುತ್ತದೆ, ಶ್ವಾಸನಾಳದ ಉರಿಯೂತ ಹಾಗೇ ಉಳಿಯುತ್ತದೆ.

ನನ್ನಲ್ಲಿಗೆ ಬರುವ ಗರ್ಭಿಣಿಯರಿಗೆ ಇನ್ಹೇಲರನ್ನು ನನ್ನೆದುರೇ ಎಳೆದು ತೋರಿಸಿ ಅನ್ನುತ್ತೇನೆ. ಎಷ್ಟೋ ಮಂದಿ ಪಂಪ್ ಮೊದಲು ಒತ್ತಿ ಆಮೇಲೆ ಉಸಿರೆಳೆಯುತ್ತಾರೆ, ಔಷಧಿಯೆಲ್ಲ ನಾಲಿಗೆಯ ಮೇಲೆ. ನಿಮ್ಮದು ಒತ್ತುವ ಪಂಪ್ ಆದರೆ ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಇಟ್ಟುಕೊಳ್ಳಿ. ಚೆನ್ನಾಗಿ ಕುಲುಕಿ, ಪೂರ್ತಿ ಉಸಿರು ಬಿಟ್ಟು, ಒಮ್ಮೆ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ.

ಹೆರಿಗೆಗೆ ಸೇರುವಾಗ ಉಬ್ಬಸ ಇದೆ ಎಂದು ನೀವಾಗಿಯೇ ಹೇಳಿ, ಕೇಳಲಿ ಎಂದು ಕಾಯಬೇಡಿ. ರಕ್ತಸ್ರಾವ ನಿಲ್ಲಿಸಲು ಕೊಡುವ ಕಾರ್ಬೊಪ್ರಾಸ್ಟ್, ಬಿಪಿಗೆ ಕೊಡುವ ಲ್ಯಾಬೆಟಲಾಲ್ ಉಬ್ಬಸವಿದ್ದವರ ಶ್ವಾಸನಾಳವನ್ನು ಬಿಗಿಗೊಳಿಸಬಲ್ಲವು. ಬೇರೆ ಔಷಧಿಗಳಿವೆ.

ಹಾಲೂಡಿಸುವ ವಿಷಯಕ್ಕೆ ಬಂದರೆ, ಧೈರ್ಯವಾಗಿ ಊಡಿಸಿ. ಇನ್ಹೇಲರಿನ ಔಷಧಿ ಎದೆಹಾಲಿಗೆ ಸೇರುವುದು ತೀರಾ ಅಲ್ಪ. ಉಬ್ಬಸಕ್ಕೆಂದು ಥಿಯೋಫಿಲಿನ್ ಮಾತ್ರೆ ಬರೆದುಕೊಟ್ಟರೆ ಮಾತ್ರ ಮಗು ರಚ್ಚೆ ಹಿಡಿಯುತ್ತದೆಯೇ, ನಿದ್ದೆಗೆಡುತ್ತದೆಯೇ ಎಂದು ಗಮನಿಸಿ, ವೈದ್ಯರಿಗೆ ತಿಳಿಸಿ.

ಇನ್ನೊಂದು. ಸಾಲ್ಬುಟಮಾಲ್ ತೆಗೆದುಕೊಂಡರೂ ಇಳಿಯದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ಮಗುವಿನ ಓಡಾಟ ಕಡಿಮೆಯಾದಂತೆ ಅನ್ನಿಸಿದರೆ, ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಪ್ರೆಡ್ನಿಸೊಲೋನ್ ಕೊಟ್ಟರೆ ಸ್ಟೀರಾಯ್ಡ್ ಎಂದು ಬೇಡ ಅನ್ನಬೇಡಿ.