ಕಂತಿನ ಮಾತು ಬಿಡಿ, ಬಾಗಿಲು ದಾಟುವ ಬೆಲೆ ಕೇಳಿ

ಅಮೆರಿಕದಲ್ಲಿ ಹೆವಿ ಡ್ಯೂಟಿ ಡೀಸೆಲ್ ಪಿಕಪ್ ಕೊಳ್ಳಲು ಹೊರಟ ಓದುಗರು ನನಗೆ ಕಳಿಸುವ ಪ್ರಶ್ನೆಗಳು ಐದೋ ಆರೋ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ನಾನು ಕೆಲವು ವರ್ಷ ಡೀಲರ್‌ಶಿಪ್ ಒಂದರ ಫೈನಾನ್ಸ್ ಕೋಣೆಯಲ್ಲಿ ಕೂತಿದ್ದವನು. ಈಗ ಮೇಜಿನ ಈಚೆಗೆ ಬಂದು ಕಾಂಟ್ರಾಕ್ಟರ್‌ಗಳಿಗೆ ಟ್ರಕ್ ಕೊಡಿಸುತ್ತೇನೆ. ಎರಡೂ ಕಡೆ ನೋಡಿದ್ದರಿಂದ ತಾಳ್ಮೆ ಸ್ವಲ್ಪ ಕಡಿಮೆ. ಎಂಎಸ್‌ಆರ್‌ಪಿ ಎಂದರೇನು, ಡೌನ್ ಪೇಮೆಂಟ್ ಎಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ. 80 ಸಾವಿರ ಡಾಲರ್ ಕೊಡಲು ಹೊರಟವರಿಗೆ ಅಷ್ಟಾದರೂ ಗೊತ್ತಿರಬೇಕು.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. 12,000 ಪೌಂಡ್ ತೂಕದ ಫಿಫ್ತ್ ವೀಲ್ ಟ್ರೇಲರ್ (ಪಿಕಪ್‌ನ ಹಿಂದಿನ ತೊಟ್ಟಿಯೊಳಗೇ ಕೊಂಡಿ ಕೂರುವಂಥದ್ದು) ಎಳೆಯಲು ಮುಕ್ಕಾಲು ಟನ್ ದರ್ಜೆಯ (ಇದು ಹೆಸರು ಮಾತ್ರ, ತೂಕವಲ್ಲ) ಡೀಸೆಲ್ ಪಿಕಪ್ ನೋಡಿದ್ದೇವೆ. ಒಳ್ಳೆಯ ಟ್ರಿಮ್ (ಸೌಲಭ್ಯಗಳ ಮಟ್ಟ). ಕಂಪನಿ ಅಂಟಿಸಿದ ಸ್ಟಿಕರ್ ಬೆಲೆ 82,000 ಡಾಲರ್. ಸೇಲ್ಸ್‌ಮನ್ 6,000 ಬಿಟ್ಟಿದ್ದಾನೆ, ತಿಂಗಳಿಗೆ 1,250ಕ್ಕೆ ಕೂರಿಸಿಕೊಡುತ್ತೇನೆ ಎಂದಿದ್ದಾನೆ. ಹಳೇ ಟ್ರಕ್ಕನ್ನೂ ತಗೊಳ್ತಾನಂತೆ. ಇನ್ನೂ ಎಷ್ಟು ಇಳಿಸಬಹುದು?

ನೀವು ಇನ್ನೂ ಚೌಕಾಸಿ ಶುರುವೇ ಮಾಡಿಲ್ಲ. ಅವನು ಮಾಡಿ ಮುಗಿಸಿದ್ದಾನೆ.

1,250 ಡಾಲರ್ ಎಂದ ನಿಜ, ಎಷ್ಟು ತಿಂಗಳು ಎಂದ? ನಿಮ್ಮ ಪತ್ರದಲ್ಲಿ ಅದೇ ಇಲ್ಲ. 72 ತಿಂಗಳಾದರೆ ಒಟ್ಟು 90,000. 84 ತಿಂಗಳಾದರೆ 1,05,000. ಕಂತು ಒಂದೇ, ಟ್ರಕ್ ಒಂದೇ, ನಡುವೆ 15,000 ಡಾಲರ್ ವ್ಯತ್ಯಾಸ. ಸೇಲ್ಸ್‌ಮನ್ ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸರ್?’ ಅಂತ ಮೊದಲು ಕೇಳುವುದು ನಿಮ್ಮ ಮೇಲಿನ ಕಾಳಜಿಗಲ್ಲ. ಬೆಲೆ, ಬಡ್ಡಿ, ಅವಧಿ, ಹಳೇ ಗಾಡಿಯ ಬೆಲೆ, ನಾಲ್ಕನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಟ್ಟರೆ ಯಾವುದು ಎಷ್ಟು ಅಂತ ನಿಮಗೆ ಗೊತ್ತಾಗುವುದಿಲ್ಲ. ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಎತ್ತಿಕೊಳ್ಳುತ್ತಾರೆ. ನನ್ನ ಮೊದಲ ಟ್ರಕ್ಕನ್ನು ನಾನೂ ಹೀಗೇ ಕೊಂಡೆ. ಕಂತಿನಲ್ಲಿ 30 ಡಾಲರ್ ಇಳಿಸಿದೆ ಅಂತ ಖುಷಿಯಾಗಿ ಮನೆಗೆ ಬಂದೆ. ಅವಧಿ ಒಂದು ವರ್ಷ ಉದ್ದವಾಗಿದ್ದು ಕಾಗದ ನೋಡಿದಾಗ ಗೊತ್ತಾಯಿತು. ಆಮೇಲೆ ಅದೇ ಆಟ ಆಡಿಸುವ ಕೆಲಸಕ್ಕೆ ಸೇರಿದೆ, ಅದು ಬೇರೆ ಮಾತು.

ನೀವು ಕೇಳಬೇಕಾದ್ದು ಒಂದೇ ಸಂಖ್ಯೆ. ಇಲ್ಲಿ ‘ಔಟ್ ದ ಡೋರ್’ ಬೆಲೆ ಅನ್ನುತ್ತಾರೆ. ಟ್ರಕ್, ತೆರಿಗೆ, ಟೈಟಲ್ (ಮಾಲೀಕತ್ವದ ಪತ್ರ), ರಿಜಿಸ್ಟ್ರೇಷನ್, ಡಾಕ್ ಫೀ (ಡೀಲರ್ ಹಾಕುವ ಕಾಗದಪತ್ರದ ಶುಲ್ಕ), ಅವರು ಅಂಟಿಸಿದ ಸಾಮಾನು, ಎಲ್ಲಾ ಸೇರಿ ಡೀಲರ್‌ನ ಬಾಗಿಲು ದಾಟುವಾಗ ನಿಮ್ಮ ಕೈಯಿಂದ ಹೋಗುವ ಪೂರ್ತಿ ಮೊತ್ತ. ಪ್ರತಿ ಐಟಂಗೂ ಬೇರೆ ಸಾಲು ಇರಬೇಕು. ಬರವಣಿಗೆಯಲ್ಲಿರಬೇಕು. ಬಾಯಿಮಾತಿನ ಬೆಲೆ ಬೆಲೆಯೇ ಅಲ್ಲ.

ಈಗ ಆ 6,000ಕ್ಕೆ ಬರೋಣ. ಅದರಲ್ಲಿ ಡೀಲರ್ ತನ್ನ ಜೇಬಿನಿಂದ ಬಿಟ್ಟದ್ದೆಷ್ಟು, ಕಂಪನಿಯ ರಿಬೇಟ್ ಎಷ್ಟು ಅಂತ ಕೇಳಿ. ರಿಬೇಟ್ ಕಂಪನಿ ಕೊಡುವುದು, ನಿಮ್ಮ ಜಿಪ್ ಕೋಡ್‌ಗೆ ಅದು ಇದ್ದರೆ ಯಾವ ಡೀಲರ್ ಬಳಿ ಹೋದರೂ ಸಿಗುತ್ತದೆ. ಅದನ್ನು ತಾನು ಬಿಟ್ಟೆ ಎನ್ನುವುದು ಊರ ಬಾವಿಯ ನೀರನ್ನು ನಾನು ಕೊಟ್ಟೆ ಅಂದ ಹಾಗೆ. ಇನ್ನೂ ಒಂದು ಚಾಳಿ ಇದೆ. ಸೈನ್ಯದಲ್ಲಿದ್ದವರಿಗೆ, ಈಗಷ್ಟೇ ಕಾಲೇಜು ಮುಗಿಸಿದವರಿಗೆ, ಬೇರೆ ಕಂಪನಿಯ ಟ್ರಕ್ ಇಟ್ಟುಕೊಂಡವರಿಗೆ ಇರುವ ರಿಬೇಟುಗಳನ್ನೆಲ್ಲ ಕೂಡಿಸಿ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಸಹಿ ಹಾಕುವ ಹೊತ್ತಿಗೆ ನಿಮಗೆ ಸಲ್ಲುವುದು ಅದರಲ್ಲಿ ಒಂದೋ ಎರಡೋ. ನೀವು ಸ್ವಂತ ವ್ಯವಹಾರ ನಡೆಸುತ್ತಿದ್ದರೆ ಕಮರ್ಷಿಯಲ್ ರಿಬೇಟ್ ಇದೆಯಾ ಅಂತ ನೀವೇ ಕೇಳಬೇಕು. ಸುಮ್ನೆ ಕೂತರೆ ಯಾರೂ ನೆನಪಿಸುವುದಿಲ್ಲ.

‘ಇನ್‌ವಾಯ್ಸ್‌ಗಿಂತ ಕೆಳಗೆ ಕೊಟ್ಟರೆ ನಮಗೆ ನಷ್ಟ’ ಎನ್ನುವುದು ಮುಂದಿನ ಮಾತು. ಇನ್‌ವಾಯ್ಸ್ ಅಂದರೆ ಕಂಪನಿ ಡೀಲರ್‌ಗೆ ಹಾಕುವ ಬಿಲ್. ಅದೇ ಕೊನೆಯ ಲೆಕ್ಕ ಅಲ್ಲ. ಗಾಡಿ ಮಾರಿದ ಮೇಲೆ ಕಂಪನಿ ‘ಹೋಲ್ಡ್‌ಬ್ಯಾಕ್’ ಅಂತ ಸಾಮಾನ್ಯವಾಗಿ ಬೆಲೆಯ 1ರಿಂದ 3 ಪರ್ಸೆಂಟ್ ವಾಪಸ್ ಕೊಡುತ್ತದೆ. ನಿಮ್ಮ ಟ್ರಕ್‌ನಲ್ಲಿ 3 ಪರ್ಸೆಂಟ್ ಅಂದರೆ 2,000ಕ್ಕೂ ಮೇಲೆ. ಇಷ್ಟು ಗಾಡಿ ಮಾರಿದರೆ ಇಷ್ಟು ಬೋನಸ್ ಅಂತ ಬೇರೆ ಇರುತ್ತದೆ.

ಹೋಲ್ಡ್‌ಬ್ಯಾಕ್ ಬಗ್ಗೆ ಮೇಜಿನ ಮೇಲೆ ಜಗಳ ಆಡಬೇಡಿ. ಅದು ಅವರ ದುಡ್ಡು, ಕೊಡುವುದಿಲ್ಲ. ನಿಮಗೆ ನಿಜವಾಗಿ ಬಲ ಕೊಡುವುದು ಗಾಡಿಯ ವಯಸ್ಸು. ಅಂಗಳದಲ್ಲಿ ನಿಂತ ಟ್ರಕ್ಕುಗಳನ್ನು ಡೀಲರ್ ಸಾಮಾನ್ಯವಾಗಿ ಸಾಲ ಮಾಡಿ ತಂದಿರುತ್ತಾನೆ. 80,000ಕ್ಕೆ ವರ್ಷಕ್ಕೆ 7.5 ಪರ್ಸೆಂಟ್ ಬಡ್ಡಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 16 ಡಾಲರ್ ಚಿಲ್ಲರೆ. ನಾಲ್ಕು ತಿಂಗಳು ನಿಂತರೆ ಸುಮಾರು 2,000 ಕರಗಿತು. ಚಾಲಕನ ಬಾಗಿಲು ತೆಗೆದರೆ ಕಾಣುವ ಲೇಬಲ್‌ನಲ್ಲಿ ಟ್ರಕ್ ತಯಾರಾದ ತಿಂಗಳು, ವರ್ಷ ಇರುತ್ತದೆ. ವಿಐಎನ್‌ನ, ಅಂದರೆ ಗಾಡಿಯ ಗುರುತಿನ ನಂಬರಿನ, ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ಎಸ್ ಎಂದರೆ 2025, ಟಿ ಎಂದರೆ 2026. ಹೊಸ ಮಾಡೆಲ್ ಅಂಗಳಕ್ಕೆ ಬಂದು, ಹಳೆಯದು ಮೂಲೆಯಲ್ಲಿ ಧೂಳು ಹಿಡಿದಿದ್ದರೆ, ನಿಮ್ಮ ಚೌಕಾಸಿಯ ಅರ್ಧ ಕೆಲಸವನ್ನು ಆ ಧೂಳೇ ಮಾಡಿದೆ.

ಹೇಗೆ ಕೇಳುವುದು? ಶೋರೂಮಿಗೆ ಹೋಗಿ ಕೂರಬೇಡಿ. ಇಂಜಿನ್, ಟ್ರಿಮ್, ಕ್ಯಾಬ್, ಬೆಡ್ ಉದ್ದ, ಆಕ್ಸಲ್ ಅನುಪಾತ ಎಲ್ಲಾ ಒಂದೇ ಇರುವ ಟ್ರಕ್ಕುಗಳನ್ನು 300 ಮೈಲಿಯೊಳಗೆ ನಾಲ್ಕೈದು ಡೀಲರ್‌ಗಳ ಬಳಿ ಹುಡುಕಿ. ಫ್ಲೀಟ್ ಮ್ಯಾನೇಜರ್‌ಗೋ (ಕಂಪನಿಗಳಿಗೆ ಗಾಡಿ ಮಾರುವವನು) ಇಂಟರ್‌ನೆಟ್ ಮ್ಯಾನೇಜರ್‌ಗೋ ಇಮೇಲ್ ಹಾಕಿ. ಸ್ಟಾಕ್ ನಂಬರ್ ಬರೆಯಿರಿ, ಜಿಪ್ ಕೋಡ್ ಬರೆಯಿರಿ, ಸಾಲುಸಾಲಾಗಿ ಔಟ್ ದ ಡೋರ್ ಬೆಲೆ ಕೇಳಿ. ಕಥೆ ಬರೆಯಬೇಡಿ. ‘ನೀವು ಬನ್ನಿ ಸರ್, ಮಾತಾಡೋಣ’ ಅಂತ ಉತ್ತರ ಬಂದರೆ ಅವನನ್ನು ಪಟ್ಟಿಯಿಂದ ತೆಗೆಯಿರಿ. ನಮ್ಮವರು ಅಂಗಡಿಯಲ್ಲಿ ಮಾಡುವ ಹಾಗೆ ಎದ್ದು ನಾಲ್ಕು ಹೆಜ್ಜೆ ನಡೆದು ‘ಕರೀತಾನೆ ನೋಡು’ ಅಂತ ಕಾಯುವ ನಾಟಕ ಇಲ್ಲಿ ಬೇಡ. ಇನ್ನೊಬ್ಬ ಡೀಲರ್‌ನ ಕಾಗದ ಕೈಯಲ್ಲಿದ್ದರೆ ನಾಟಕದ ಅಗತ್ಯವೇ ಇಲ್ಲ.

ಕಾಗದ ಬಂದ ಮೇಲೆ ಸಾಲುಗಳನ್ನು ನೋಡಿ. ಡೆಸ್ಟಿನೇಷನ್ ಚಾರ್ಜ್, ಅಂದರೆ ಫ್ಯಾಕ್ಟರಿಯಿಂದ ಸಾಗಿಸುವ ಖರ್ಚು, ಕಂಪನಿಯದು, ಈ ಟ್ರಕ್ಕುಗಳಿಗೆ 2,000 ದಾಟಿದೆ, ಅದರ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಡಾಕ್ ಫೀ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ 85 ಡಾಲರ್‌ಗೆ, ನ್ಯೂಯಾರ್ಕ್ 175ಕ್ಕೆ ಮಿತಿ ಹಾಕಿವೆ, ಫ್ಲಾರಿಡಾದಲ್ಲಿ ಮಿತಿಯೇ ಇಲ್ಲ. ಡೀಲರ್ ಅದನ್ನು ತೆಗೆಯದಿದ್ದರೆ ಬಿಡಿ, ಟ್ರಕ್ ಬೆಲೆಯಲ್ಲಿ ಅಷ್ಟು ಇಳಿಸಲು ಹೇಳಿ. ಆದರೆ ಕಂಪನಿ ಸ್ಟಿಕರ್ ಪಕ್ಕದಲ್ಲಿ ಡೀಲರ್ ಅಂಟಿಸಿದ ಎರಡನೇ ಸ್ಟಿಕರ್ ಇದೆಯಲ್ಲ, ಅದನ್ನು ಕಣ್ಣು ಮುಚ್ಚಿ ನಿರಾಕರಿಸಿ. ಪೇಂಟ್ ಪ್ರೊಟೆಕ್ಷನ್, ಗಾಜಿನ ಮೇಲೆ ನಂಬರ್ ಕೆತ್ತನೆ, ಟೈರಿಗೆ ನೈಟ್ರೋಜನ್. ನೀವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಸ್ವಾಮಿ.

ಹಳೇ ಟ್ರಕ್ಕಿನ ಮಾತನ್ನು ಹೊಸದರ ಬೆಲೆ ಬರವಣಿಗೆಯಲ್ಲಿ ಬರುವ ತನಕ ಎತ್ತಬೇಡಿ. ಹೊರಗಿನವರು ಎಷ್ಟು ಕೊಡುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಒಂದು ಲೆಕ್ಕ ಮರೆಯಬೇಡಿ. ಟೆಕ್ಸಸ್‌ನಲ್ಲಿ ಹಳೇ ಗಾಡಿಯ ಬೆಲೆ ಕಳೆದು ಉಳಿದದ್ದಕ್ಕೆ ಮಾತ್ರ 6.25 ಪರ್ಸೆಂಟ್ ತೆರಿಗೆ. ಡೀಲರ್ 30,000ಕ್ಕೆ ತಗೊಂಡರೆ ತೆರಿಗೆಯಲ್ಲಿ 1,875 ಉಳಿಯುತ್ತದೆ. ಹೊರಗಿನವನು 31,500 ಕೊಟ್ಟರೂ ನಿಮಗೆ ನಷ್ಟವೇ. ಕ್ಯಾಲಿಫೋರ್ನಿಯಾದಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಜಾಸ್ತಿ ಕೊಟ್ಟವನಿಗೆ ಮಾರಿ.

ಕೊನೆಗೆ ಫೈನಾನ್ಸ್ ಕೋಣೆ. ಬೆಲೆ ಗೆದ್ದೆ ಅಂತ ಬೆನ್ನು ಸಡಿಲ ಬಿಟ್ಟು ಬರುವವರನ್ನು ನಾನು ದಿನಾ ನೋಡುತ್ತಿದ್ದೆ. ಬ್ಯಾಂಕು ನಿಮಗೆ 6.5 ಪರ್ಸೆಂಟ್‌ಗೆ ಸಾಲ ಒಪ್ಪಿರುತ್ತದೆ. ಕಾಗದದಲ್ಲಿ 8.5 ಇರುತ್ತದೆ. ಹೆಚ್ಚಿಗೆ ಸೇರಿಸಿದ ಆ ಎರಡು ಪರ್ಸೆಂಟ್‌ನಲ್ಲಿ ದೊಡ್ಡ ಪಾಲು ಡೀಲರ್‌ಗೆ. 75,000 ಸಾಲ, 72 ತಿಂಗಳು ಅಂದರೆ ಕಂತಿನಲ್ಲಿ 70 ಚಿಲ್ಲರೆ ಡಾಲರ್, ಒಟ್ಟಿಗೆ 5,200. ಇಡೀ ವಾರ ಇಮೇಲ್ ಬರೆದು ಉಳಿಸಿದ್ದು ಹತ್ತು ನಿಮಿಷದಲ್ಲಿ ಹೋಯಿತು, ಅಲ್ವಾ? ಅದಕ್ಕೇ ಮೊದಲೇ ಕ್ರೆಡಿಟ್ ಯೂನಿಯನ್‌ನಿಂದ (ಸದಸ್ಯರ ಸಹಕಾರಿ ಬ್ಯಾಂಕು) ಸಾಲದ ಒಪ್ಪಿಗೆ ಪತ್ರ ತಗೊಂಡು ಹೋಗಿ. ಡೀಲರ್ ಅದಕ್ಕಿಂತ ಕಡಿಮೆ ಬಡ್ಡಿ ತಂದರೆ ಸಂತೋಷ, ಅವನದ್ದೇ ತಗೊಳ್ಳಿ.

ಎಷ್ಟು ಇಳಿಸಬಹುದು ಎಂಬ ನಿಮ್ಮ ಪ್ರಶ್ನೆಗೆ ನನ್ನ ಅಂದಾಜು ಹೇಳುತ್ತೇನೆ. ಅಂಗಳದಲ್ಲಿ ಮೂರು ತಿಂಗಳು ದಾಟಿದ ಟ್ರಕ್ ಆದರೆ ಇನ್‌ವಾಯ್ಸ್ ಆಸುಪಾಸಿಗೆ ತನ್ನಿ, ಅದರ ಮೇಲೆ ಕಂಪನಿ ರಿಬೇಟ್ ಕಳೆಯಿರಿ. ನಿನ್ನೆ ಮೊನ್ನೆ ಇಳಿದ ಟ್ರಕ್ ಆಗಿದ್ದು, ಐದು ಡೀಲರ್‌ಗಳೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳಿದರೆ, ಅದೇ ಬೆಲೆ. ಈ ದರ್ಜೆಯ ಪಿಕಪ್ ಮಾಡುವವರು ಫೋರ್ಡ್, ಜಿಎಂ, ರ‍್ಯಾಮ್ ಮೂವರೇ. ಪೈಪೋಟಿಗೆ ಹೊರಗಿನವರು ಬರುವುದೂ ಕಷ್ಟ, ಸಮುದ್ರ ದಾಟಿ ಬರುವ ಪಿಕಪ್‌ಗೆ 1964ರಿಂದ 25 ಪರ್ಸೆಂಟ್ ಸುಂಕ ಇದೆ. ಯುರೋಪ್ ಜತೆ ಕೋಳಿ ಮಾಂಸದ ಜಗಳದಲ್ಲಿ ಹಾಕಿದ್ದು, ಹೆಸರೇ ‘ಚಿಕನ್ ಟ್ಯಾಕ್ಸ್’. ಕೋಳಿ ಜಗಳ ಮುಗಿಯಿತು, ಸುಂಕ ಉಳಿಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಈ ಟ್ರಕ್ಕನ್ನು ನೀವು ಕೊಳ್ಳಬಾರದು ಅಂತ ನನ್ನ ಅಭಿಪ್ರಾಯ. ಫಿಫ್ತ್ ವೀಲ್‌ನ ತೂಕದಲ್ಲಿ 20ರಿಂದ 25 ಪರ್ಸೆಂಟ್ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತದೆ. ನಿಮ್ಮದು 12,000 ಅಂದರೆ 2,400ರಿಂದ 3,000 ಪೌಂಡ್. ಅದರ ಮೇಲೆ ನೀವು, ಮನೆಯವರು, ಮಕ್ಕಳು, ಟ್ರೇಲರ್ ಸಿಕ್ಕಿಸುವ ಹಿಚ್. ಡೀಸೆಲ್ ಇಂಜಿನ್ ತಾನೇ ಭಾರ, ಅದು ಹೊರುವ ಶಕ್ತಿಯನ್ನು ತಿನ್ನುತ್ತದೆ. ಮೇಲ್ದರ್ಜೆಯ ಟ್ರಿಮ್ ಇರುವ ಎಷ್ಟೋ ಮುಕ್ಕಾಲು ಟನ್ ಡೀಸೆಲ್‌ಗಳಲ್ಲಿ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಲ್ಲ ಭಾರ, 2,500 ಪೌಂಡ್ ಕೂಡ ಇರುವುದಿಲ್ಲ. ಜಾಹೀರಾತಿನ ಎಳೆಯುವ ಸಂಖ್ಯೆ ನೋಡಬೇಡಿ. ಬಾಗಿಲ ಹತ್ತಿರದ ಹಳದಿ-ಬಿಳಿ ಲೇಬಲ್‌ನಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಅಂತ ಬರೆದಿದೆ, ಅದನ್ನು ಓದಿ. ಸಾಲದಿದ್ದರೆ ಮೇಲಿನ ದರ್ಜೆಯ ಒಂದು ಟನ್ ಮಾಡೆಲ್‌ಗೆ ಹೋಗಿ. ಅದೇ ಟ್ರಿಮ್‌ನಲ್ಲಿ ಬೆಲೆ ಅಷ್ಟೇನೂ ಏರುವುದಿಲ್ಲ. ತಪ್ಪು ಟ್ರಕ್ಕನ್ನು ಅಗ್ಗಕ್ಕೆ ಕೊಂಡು ಎರಡು ವರ್ಷಕ್ಕೆ ಮಾರಿದವರ ಪತ್ರಗಳು ನನ್ನ ಬಳಿ ಬೇಕಾದಷ್ಟಿವೆ.

ಪ್ರಶ್ನೆ: ತಿಂಗಳ ಕೊನೆ ದಿನ ಹೋದರೆ ಅಗ್ಗವಂತೆ?

ಡೀಲರ್‌ನ ತಿಂಗಳ ಟಾರ್ಗೆಟ್‌ಗೆ ಒಂದು ಗಾಡಿ ಕಡಿಮೆ ಬಿದ್ದಿದ್ದರೆ ಹೌದು, ಟಾರ್ಗೆಟ್ ಮುಟ್ಟಿಯಾಗಿದ್ದರೆ ಇಲ್ಲ. ಯಾವುದು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಪೂರ್ತಿ ನಗದು ಕೊಟ್ಟರೆ ಜಾಸ್ತಿ ಬಿಡುತ್ತಾರಾ?

ಇಲ್ಲ. ಸಾಲದಲ್ಲಿ ಅವರಿಗೆ ಕಮಿಷನ್ ಇದೆ, ನಗದಿನಲ್ಲಿ ಇಲ್ಲ. ಬೆಲೆ ಕಾಗದಕ್ಕೆ ಬರುವ ಮುಂಚೆ ‘ಕ್ಯಾಶ್’ ಅಂತ ಬಾಯಿ ಬಿಡಬೇಡಿ. ನೋಟಿನ ಕಟ್ಟು ತಗೊಂಡು ಹೋಗುವವರಿಗೆ ಇನ್ನೊಂದು ಮಾತು: 10,000 ಡಾಲರ್ ದಾಟಿದ ನೋಟು ಪಡೆದರೆ ಡೀಲರ್ 8300 ಫಾರಂ ತುಂಬಿ ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ತಿಳಿಸಲೇಬೇಕು.

ಪ್ರಶ್ನೆ: ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಡಿಇಎಫ್ (ಹೊಗೆ ಶುದ್ಧ ಮಾಡಲು ಸಿಂಪಡಿಸುವ ದ್ರವ) ವ್ಯವಸ್ಥೆ ಎಲ್ಲಾ ತೆಗೆಸಿದರೆ ಮೈಲೇಜ್ ಏರುತ್ತದೆ, ಆ ಉಳಿತಾಯದಲ್ಲಿ ಟ್ರಕ್ಕಿನ ಬೆಲೆ ವಾಪಸ್ ಬರುತ್ತದೆ ಅಂತ ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಹಾಗಾದರೆ ಈಗ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅಲ್ವಾ?

ಆ ಮೆಕ್ಯಾನಿಕ್‌ನನ್ನು ನಿಮ್ಮ ಟ್ರಕ್ಕಿನಿಂದ ದೂರ ಇಡಿ. ಹೊಗೆ ಶುದ್ಧ ಮಾಡುವ ಸಾಮಾನು ಕಿತ್ತುಹಾಕುವುದು ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾನೂನಿಗೆ ವಿರುದ್ಧ. ಇಂಜಿನ್ ಕೈಕೊಟ್ಟರೆ ವಾರಂಟಿ ಕೇಳಲು ಮುಖ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಪರೀಕ್ಷೆ ದಾಟುವುದಿಲ್ಲ. ಇಂಜಿನ್ ತಯಾರಿಸುವ ಕಮಿನ್ಸ್‌ನಂಥ ದೊಡ್ಡ ಕಂಪನಿಯೇ ರ‍್ಯಾಮ್ ಪಿಕಪ್ ಇಂಜಿನ್‌ಗಳ ಹೊಗೆ ನಿಯಂತ್ರಣದ ವಿಷಯದಲ್ಲಿ 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಮೂರು ಮೈಲಿ ದೂರದ ಆಫೀಸಿಗೆ ಮಾತ್ರ ಓಡಿಸುತ್ತೀರಾದರೆ ಡಿಪಿಎಫ್ ಮಸಿ ಕಟ್ಟಿಕೊಳ್ಳುವುದು ಸಹಜ. ಆಗ ತೆಗೆಸಬೇಕಾದ್ದು ಫಿಲ್ಟರ್ ಅಲ್ಲ. ಪೆಟ್ರೋಲ್ ಇಂಜಿನ್‌ನ ಟ್ರಕ್ ಕೊಳ್ಳಿ, ಸಾವಿರಾರು ಡಾಲರ್ ಉಳಿಯುತ್ತದೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಬ್ಬರು 500 ಡಾಲರ್ ಮುಂಗಡ ಕೊಟ್ಟರೆ ‘ಫ್ಯಾಕ್ಟರಿ ರೇಟ್’ಗೆ ಕೊಡಿಸುತ್ತಾರಂತೆ.

ಫ್ಯಾಕ್ಟರಿ ನಿಮಗೂ ಮಾರುವುದಿಲ್ಲ, ಅವನಿಗೂ ಮಾರುವುದಿಲ್ಲ, ಡೀಲರ್‌ಗೆ ಮಾತ್ರ. 500 ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ಕೊಂಡ ಮೂರು ದಿನದೊಳಗೆ ಮನಸ್ಸು ಬದಲಾದರೆ ವಾಪಸ್ ಕೊಡಬಹುದಲ್ವಾ?

ಆ ಮೂರು ದಿನದ ಫೆಡರಲ್ ನಿಯಮ ಮುಖ್ಯವಾಗಿ ಮನೆ ಬಾಗಿಲಿಗೆ ಬಂದು ಮಾರುವವರಿಗೆ. ಡೀಲರ್‌ಶಿಪ್‌ನಲ್ಲಿ ಕೂತು ಸಹಿ ಹಾಕಿದ ಹೊಸ ಟ್ರಕ್‌ಗೆ ಅದು ಅನ್ವಯಿಸುವುದಿಲ್ಲ. ಸಹಿಗೆ ಮುಂಚೆ ಓದಿ. ನಾನು ಆ ಕೋಣೆಯಲ್ಲಿ ಕೂತಿದ್ದಷ್ಟು ದಿನ ಪೂರ್ತಿ ಓದಿದವರು ಇಬ್ಬರೋ ಮೂವರೋ. ಅವರು ಓದುತ್ತಾ ಕೂತಾಗ ಬೇಕಂತಲೇ ಗಡಿಯಾರ ನೋಡುತ್ತಿದ್ದವನು ನಾನೇ.